ನಾಲ್ಕು ತೊಲದ ಬಳೆ, ಅತ್ತೆಯ ಓಲೆ

ಅತ್ತೆ, ಎದ್ದ ಕೂಡ್ಲೇ ಇದನ್ನ ಓದಿ. ಓಲೆ ತಿರುಪಿಗೆ ಎಣ್ಣೆ ಬಿಡಬೇಡಿ, ಕಿವಿಯಿಂದ ಬಿಚ್ಚಲೇಬೇಡಿ!

ಅಕ್ಕಸಾಲಿ ಫೋನ್ ಮಾಡಿದ್ರು. ನಿಮ್ಮ ನಾಲ್ಕು ತೊಲದ ಬಳೆ ನಲವತ್ತಾರೂವರೆ ಗ್ರಾಂ ತೂಗಿದೆ. ಮೊಮ್ಮಗಳ ಮದುವೆ ಸರಕ್ಕೆ ಬೇಕಾಗಿದ್ದು ನಲವತ್ತೈದೇ! ತೊಲಕ್ಕೆ ಹತ್ತೇ ಗ್ರಾಂ ಅಂತ ಲೆಕ್ಕ ಹಾಕಿ, ಐದು ಗ್ರಾಂ ಕಮ್ಮಿ ಬೀಳುತ್ತೆ ಅಂತ ನಿಮ್ಮ ಓಲೆ ಮೇಲೆ ಕಣ್ಣು ಹಾಕಿದ್ದು ನಿಮ್ಮ ಮಗರಾಯರು. ಹಳೇ ತೊಲ ಹನ್ನೊಂದೂವರೆ ಗ್ರಾಂ ದಾಟುತ್ತಂತೆ. ಹಳಬರ ತೂಕವೇ ಬೇರೆ ಬಿಡಿ!

ಅವರು ಬಂದ್ರೆ ಏನೂ ಹೇಳ್ಬೇಡಿ, ಆ ಮುಖ ನಾನೇ ನೋಡ್ಬೇಕು. ಹಾಲು ಕಾಸಿಟ್ಟಿದ್ದೀನಿ. ಸರ ಮಾಡೋಕೆ ಹೇಳಿ ಓಡಿ ಬರ್ತೀನಿ.

ನಿನ್ನೆ ಕನ್ನಡಿ ಮುಂದೆ ಓಲೆ ಮುಟ್ಟಿ ಮುಟ್ಟಿ ನೋಡ್ಕೋತಿದ್ರಲ್ಲ, ನಾನು ನೋಡ್ದೆ. ಮದುವೇಲಿ ಯಾರು ಏನೇ ಕೇಳ್ಲಿ, ಬಾಯಿ ಬಿಡಬೇಡಿ. ಸುಮ್ನೆ ಜೋರಾಗಿ ತಲೆಯಾಡಿಸಿ, ಓಲೆ ಫಳಫಳ ಹೊಳೀಲಿ!