ನಾಲ್ಕು ಬೆರಳು ಮೇಲೆ

ಬಫಲೋ
ಜೂನ್ ೨೧, ಶನಿವಾರ ಮಧ್ಯಾಹ್ನ

ಪ್ರೀತಿಯ ರೊಶೆಲ್,

ಈ ಕಾಗದ ಥ್ಯಾಡ್‌ನ ಚೀಲದಲ್ಲಿ, ಅವನ ಬೂಟುಗಳ ಪಕ್ಕದಲ್ಲಿ ಪ್ರಯಾಣ ಮಾಡಿ ನಿನ್ನ ಕೈ ಸೇರುತ್ತದೆ. ವಾಸನೆ ಬಂದರೆ ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ನಗುತ್ತೇನೆ, ಹೇಳಬೇಕಾದದ್ದು ಉಳಿದೇಹೋಗುತ್ತದೆ. ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗಲೂ ನಾವು ಹಾಗೇ ಇದ್ದೆವು.

ನಾಳೆ ಬೆಳಿಗ್ಗೆ ಥ್ಯಾಡ್ ನಿಮ್ಮ ಜಾಕ್ಸನ್‌ಗೆ ಹೊರಡುತ್ತಾನೆ. ಪ್ರತಿ ಬೇಸಿಗೆಯ ಹಾಗೆ ನಮ್ಮ ಗಂಡಂದಿರಿಬ್ಬರೂ, ಅವನೂ ನಿನ್ನ ಲವೆಲ್‌ನೂ, ಸೇರಿ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾರೆ, ಸಂಜೆ ನಿಮ್ಮ ಚಿಕ್ಕಮ್ಮನ ಮನೆಯಲ್ಲಿ ಹುರಿದ ಮೀನು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಈ ಸಲ ಇನ್ನೊಂದು ಮಾತೂ ಅವರ ನಡುವೆ ನಡೆಯುತ್ತದೆ. ಈ ತಿಂಗಳ ಕೊನೆಗೆ ಲವೆಲ್‌ನ ಒಪ್ಪಂದ ಮುಗಿಯುತ್ತದೆ. ಅವನು ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ತಾನು ಆಡುವ ನಮ್ಮ ಬಫಲೋ ತಂಡಕ್ಕೆ ಬಾ ಎಂದು ಥ್ಯಾಡ್ ಕರೆಯುತ್ತಾನೆ.

ಏನು ಬರೆಯುತ್ತಿದ್ದೀ ಎಂದು ಆಗಲೇ ಕೇಳಿದ. ಊರಿನ ಬಗ್ಗೆ ಎಂದೆ. “ಚೆನ್ನಾಗಿ ಬರಿ. ಹಿಮದ ವಿಷ್ಯ ಒಂದೇ ಸಾಲಲ್ಲಿ ಮುಗಿಸ್ಬಿಡು,” ಎಂದು ಹೇಳಿ ಹಿತ್ತಲಿಗೆ ಹೋದ.

ಹಾಗಾದರೆ ಹಿಮದಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಹಿಮ ಸರೋವರದ ಕಡೆಯಿಂದ ಗೋಡೆಯ ಹಾಗೆ ಎದ್ದು ಬರುತ್ತದೆ. ನಮ್ಮ ಬೀದಿಯಲ್ಲಿ ಸೊಂಟದವರೆಗೆ ಬಿದ್ದಿದ್ದರೆ, ಎರಡು ಬೀದಿ ಆಚೆಗೆ ರಸ್ತೆ ಒಣಗಿಕೊಂಡು ಬಿದ್ದಿರುತ್ತದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುವುದಿಲ್ಲ. ಕಾರಿನ ಬಾಗಿಲು ಅಂಟಿಕೊಳ್ಳುತ್ತದೆ. ಮೂಗಿನೊಳಗಿನ ಕೂದಲು ಗಟ್ಟಿಯಾಗುವುದು ಗೊತ್ತಾಗುತ್ತದೆ. ನಿನ್ನ ಅವಳಿ ಹುಡುಗಿಯರಿಗೆ ಬೂಟು, ಕೋಟು, ಟೋಪಿ, ಕೈಗವಸು ಎಲ್ಲ ಹಾಕಿಸಿ ನೀನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಒಬ್ಬಳಿಗೆ ಬಚ್ಚಲಿಗೆ ಹೋಗಬೇಕು ಅನ್ನಿಸುತ್ತದೆ. ನೀನು ಬಿಸಿಲಲ್ಲಿ ಬೆಳೆದವಳು. ನವೆಂಬರಿನಿಂದ ಏಪ್ರಿಲಿನವರೆಗೆ ಇಲ್ಲಿ ಆಕಾಶಕ್ಕೆ ಪಾತ್ರೆ ತೊಳೆದ ನೀರಿನ ಬಣ್ಣ.

ಸೋಲಿನ ವಿಷಯ ಚಳಿಗಿಂತ ಕಷ್ಟದ್ದು. ನಾವು ಇಲ್ಲಿಗೆ ಬಂದ ಒಂಬತ್ತು ವರ್ಷದಲ್ಲಿ ನಮ್ಮ ತಂಡ ಒಮ್ಮೆಯೂ ಮುಖ್ಯ ಸುತ್ತಿಗೆ ಹೋಗಿಲ್ಲ. ಸೋತ ದಿನ ಥ್ಯಾಡ್ ಮನೆಗೆ ಬಂದು, ದೀಪ ಹಾಕದೆ, ನಿಂತುಕೊಂಡೇ ಬಟ್ಟಲು ತುಂಬ ಸೀರಿಯಲ್ ತಿನ್ನುತ್ತಾನೆ. ಚಮಚದ ಸದ್ದಿನಲ್ಲೇ ಎಷ್ಟು ಅಂತರದಲ್ಲಿ ಸೋತರು ಎಂದು ನಾನು ಹೇಳಬಲ್ಲೆ. ಕಳೆದ ಚಳಿಗಾಲದಲ್ಲಿ ಆಟ ನೋಡಲು ಜನ ತಲೆಗೆ ಕಾಗದದ ಚೀಲ ಹಾಕಿಕೊಂಡು ಬಂದು ಕೂತರು, ಈ ತಂಡದ ಅಭಿಮಾನಿ ಎಂದು ಯಾರಿಗೂ ಗುರುತು ಸಿಗಬಾರದು ನೋಡು. ನಮ್ಮ ಪಕ್ಕದ ಮನೆಯ ಮುದುಕ ಗ್ರಾಬೊವ್‌ಸ್ಕಿ ತನ್ನ ಚೀಲಕ್ಕೆ ಕಣ್ಣು, ಮೀಸೆ ಬರೆದುಕೊಂಡಿದ್ದ. ಚೀಲದೊಳಗಿಂದಲೇ ನನ್ನತ್ತ ಕೈ ಬೀಸಿ, “ಯಾರು ಅಂತ ಗೊತ್ತಾಯ್ತೇನಮ್ಮಾ?” ಎಂದು ಕೂಗಿದ.

ಹೋದ ಬೇಸಿಗೆಯಲ್ಲಿ ಒಬ್ಬ ದೊಡ್ಡ ಆಟಗಾರನನ್ನು ಕರೆಸಿದ್ದರು. ಅವನ ಹೆಸರು ಹೊಲಿಸಿದ ಅಂಗಿ, ಖಾಲಿ ಅರೇನಾದಲ್ಲಿ ಅವನೊಬ್ಬನಿಗಾಗಿ ದೀಪ, ಸಂಗೀತ, ಸರೋವರದ ದಡದಲ್ಲಿ ಊಟ. ಎಲ್ಲ ತಿಂದು, ಎಲ್ಲರ ಕೈ ಕುಲುಕಿ, ವಿಮಾನ ಹತ್ತಿದವನು ಸಮುದ್ರವಿರುವ ಊರಿಗೆ ಹೋಗಿ ಸಹಿ ಹಾಕಿದ. ಆ ಅಂಗಿಯನ್ನು ಕತ್ತರಿಸಿ ಈಗ ಚೆಂಡು ಒರೆಸುತ್ತಾರೆ. “ಒಳ್ಳೇ ಬಟ್ಟೆ ಕಣೇ, ಚೆನ್ನಾಗಿ ನೀರು ಹೀರುತ್ತೆ,” ಎಂದು ಥ್ಯಾಡ್ ಹೇಳುತ್ತಾನೆ. ಸೋಲುವ ಮನೆಗೆ ಮೊದಲು ಕಾಲಿಡಲು ಯಾರಿಗೂ ಧೈರ್ಯವಿಲ್ಲ. ಒಬ್ಬ ಬಂದರೆ ಅವನ ಹಿಂದೆ ಇನ್ನೊಬ್ಬ ಬರುತ್ತಾನೆ. ಆ ಮೊದಲನೆಯವನು ಲವೆಲ್ ಆಗಲಿ ಎಂದು ಈ ಊರು ಕಾಯುತ್ತಿದೆ. ರೊಟ್ಟಿ ಅಂಗಡಿಯ ಕಿಟಕಿಯಲ್ಲಿ ಅವನ ಚಿತ್ರ ಅಂಟಿಸಿದ್ದಾರೆ.

ಇನ್ನು ನಾನು ಈ ಕಾಗದ ಬರೆಯುತ್ತಿರುವ ಕಾರಣಕ್ಕೆ ಬರುತ್ತೇನೆ.

ಹೋದ ಭಾನುವಾರ ಬ್ರೂಸ್ಟರ್ ನಮ್ಮ ಮನೆಗೆ ಬಂದಿದ್ದ. ತಂಡಕ್ಕೆ ಯಾರು ಬರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವವನು ಅವನೇ. ಒಂಬತ್ತು ವರ್ಷದಲ್ಲಿ ನಮ್ಮ ಹೊಸ್ತಿಲು ತುಳಿಯದವನು ಪೀಚ್ ಹಣ್ಣಿನ ಪೈ ಹಿಡಿದುಕೊಂಡು ನಿಂತಾಗಲೇ ನನಗೆ ಅರ್ಥವಾಗಬೇಕಿತ್ತು. ತಿಂಗಳ ಕೊನೆಯ ದಿನದ ಸಂಜೆಯವರೆಗೆ ಅವನಂಥ ಅಧಿಕಾರಿಗಳು ಬೇರೆ ತಂಡದ ಆಟಗಾರನನ್ನು ಕರೆಯುವಂತಿಲ್ಲ, ಅವನ ಹೆಸರನ್ನೂ ಎತ್ತುವಂತಿಲ್ಲ ಎಂದು ಲೀಗಿನ ನಿಯಮವಿದೆಯಲ್ಲ, ಆದ್ದರಿಂದ ಪಾಪ, ಅವನು ಸುತ್ತಿ ಬಳಸಿ ಮಾತಾಡಿದ.

“ನಿಮ್ಮ ಶಿಬಿರಕ್ಕೆ ಈ ಸಲ ಯಾರ್ಯಾರು ಬರ್ತಾರೆ?”

“ಮಕ್ಕಳು ಬರ್ತಾರೆ,” ಎಂದ ಥ್ಯಾಡ್.

“ಎತ್ತರದವರು ಯಾರಾದ್ರೂ?”

“ಬೆಳೀತಾ ಇರೋ ಮಕ್ಕಳು. ಬೇಗ ಎತ್ತರ ಆಗ್ತಾರೆ.”

ನನಗೆ ನಗು ತಡೆಯಲಾಗದೆ ತಟ್ಟೆ ತರುವ ನೆಪದಲ್ಲಿ ಎದ್ದೆ. ತಿರುಗಿ ಬಂದಾಗ ಬ್ರೂಸ್ಟರ್ ನಮ್ಮ ಊಟದ ಮೇಜನ್ನು ಸವರುತ್ತಿದ್ದ. ಇದಕ್ಕೆ ಎಷ್ಟು ಕುರ್ಚಿ ಹಿಡಿಸುತ್ತವೆ ಎಂದು ನನ್ನನ್ನು ಕೇಳಿದ. ಆರು, ಒತ್ತಿಕೊಂಡು ಕೂತರೆ ಎಂಟು ಎಂದೆ.

“ನಮ್ಮ ಮೇಜಿಗೆ ಒತ್ಕೊಂಡು ಕೂರಕ್ಕಾಗಲ್ಲ. ಲೀಗ್ ಬಿಡಲ್ಲ,” ಎಂದ.

ನಿಮ್ಮ ಹಾಗೆ ದೊಡ್ಡ ಸಂಬಳದ ಕುರ್ಚಿಯಲ್ಲಿ ಕೂತವರ ಮನೆಯಲ್ಲಿ ಈ ಮಾತು ಬರುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿಸಿ ಎಷ್ಟು ಸಂಬಳ ಕೊಡಬಹುದು ಎಂಬುದಕ್ಕೆ ಒಂದು ಗೆರೆಯಿದೆ. ಲವೆಲ್‌ಗೂ ಅವನ ಹಿಂದೆ ಬರುವ ಇನ್ನೊಬ್ಬನಿಗೂ ಆ ಗೆರೆಯೊಳಗೆ ಜಾಗವಾಗಬೇಕಾದರೆ ಚಿಕ್ಕ ಕುರ್ಚಿಯವರು ನಾಲ್ಕೈದು ಜನ ಏಳಬೇಕು. ಥ್ಯಾಡ್‌ನ ಒಪ್ಪಂದದಲ್ಲಿ ಇನ್ನೊಂದು ವರ್ಷವಿದೆ, ಆದರೆ ಆ ವರ್ಷ ಇಟ್ಟುಕೊಳ್ಳುವುದೂ ಬಿಡುವುದೂ ತಂಡದ ಇಷ್ಟ.

ನನಗಿಂತ ಮೊದಲು ಥ್ಯಾಡ್‌ಗೆ ತಿಳಿಯಿತು. ಯಾರ್ಯಾರು ಏಳಬೇಕು ಎಂದು ಕೇಳಿದ. ಬ್ರೂಸ್ಟರ್ ತನ್ನ ತಟ್ಟೆ ನೋಡಿಕೊಂಡು, “ವಯಸ್ಸಾದವರು ಮೊದಲು, ಥ್ಯಾಡ್,” ಎಂದ.

“ಇನ್ನೊಂದು ತುಂಡು ಹಾಕ್ಲಾ?” ಎಂದು ಥ್ಯಾಡ್ ಕೇಳಿದ. ಹಾಕಿದ ಕೂಡ. ಬ್ರೂಸ್ಟರ್ ಅದನ್ನು ಪೂರ್ತಿ ತಿಂದ. ಕೆಟ್ಟ ಮನುಷ್ಯನಲ್ಲ. ಬಾಗಿಲ ಹತ್ತಿರ ನನ್ನ ಕೈ ಹಿಡಿದು ಏನೋ ಹೇಳಲು ಹೋಗಿ, ಪೈ ತಟ್ಟೆ ಆಮೇಲೆ ತೊಗೊಂಡು ಹೋಗ್ತೀನಿ ಎಂದು ಹೇಳಿ ಹೋದ.

ನೀನು ಇದನ್ನು ಎರಡು ಸಲ ಓದಬೇಕಿಲ್ಲ, ನಾನೇ ಇನ್ನೊಮ್ಮೆ ಬರೆಯುತ್ತೇನೆ. ಲವೆಲ್ ಬಂದರೆ ಥ್ಯಾಡ್ ಇರುವುದಿಲ್ಲ. ಮೂವತ್ನಾಲ್ಕು ವರ್ಷದ, ಎರಡು ಸಲ ಮೊಣಕಾಲು ಕೊಯ್ಯಿಸಿಕೊಂಡವನನ್ನು ಬೇರೆ ಯಾವ ತಂಡವೂ ಕರೆಯುವುದಿಲ್ಲ. ಅವನ ಆಟ ಅಲ್ಲಿಗೆ ಮುಗಿಯಿತು. ಅದನ್ನು ಮುಗಿಸುವ ಕೆಲಸಕ್ಕೆ ಅವನನ್ನೇ ಕಳಿಸುತ್ತಿದ್ದಾರೆ, ಅವನು ಇಸ್ತ್ರಿ ಮಾಡಿದ ಅಂಗಿ ಮಡಿಸಿಟ್ಟುಕೊಂಡು ಹೊರಡುತ್ತಿದ್ದಾನೆ.

ಅವತ್ತು ಪಾತ್ರೆ ತೊಳೆಯುವಾಗ ಜಗಳವಾಯಿತು. ಜಗಳ ಎಂದರೆ ನಮ್ಮ ಜಗಳ ನಿನಗೆ ಗೊತ್ತಲ್ಲ, ನಾನು ತೊಳೆದೆ, ಅವನು ಒರೆಸಿದ.

“ಲವೆಲ್‌ಗೆ ಹೇಳ್ಬೇಡ. ಗೊತ್ತಾದ್ರೆ ಬರಲ್ಲ ಅವ್ನು,” ಎಂದ.

“ಬರದೇ ಇದ್ರೆ ಏನಾಯ್ತು? ನಿನಗೆ ಇನ್ನೊಂದು ವರ್ಷ ಸಿಗುತ್ತೆ.”

“ಅವ್ನು ಬರದೇ ಇದ್ರೂ ನನ್ ಮೊಣಕಾಲು ವಾಪಸ್ ಬರಲ್ಲ ಕಣೇ. ಇನ್ನೊಂದು ವರ್ಷ ಬೆಂಚಲ್ಲಿ ಕೂತ್ಕೊಂಡು ಸೋಲೋದ್ ನೋಡ್ಬೇಕು, ಅಷ್ಟೇ. ಒಂದ್ಸಲ ಈ ಊರು ಗೆಲ್ಲೋದ್ ನೋಡ್ಬೇಕು ನಾನು. ಎಲ್ಲಿ ಕೂತಾದ್ರೂ ಸರಿ.”

“ಅವ್ನು ಬರೋದೇ ನಿನ್ನ ಮುಖ ನೋಡ್ಕೊಂಡು ಅಲ್ವಾ?”

ಅವನು ಒರೆಸಿದ ಲೋಟವನ್ನೇ ಮತ್ತೆ ಒರೆಸಿದ.

ರೊಶೆಲ್, ನನ್ನ ಮನಸ್ಸನ್ನು ಕೊರೆಯುತ್ತಿರುವುದು ಇದೇ. ಕಾಲೇಜಿನಲ್ಲಿ ಥ್ಯಾಡ್ ಚೆಂಡು ಕೊಡುತ್ತಿದ್ದ, ಲವೆಲ್ ಬುಟ್ಟಿಗೆ ಹಾಕುತ್ತಿದ್ದ. ತಿರುಗಿ ನೋಡದೆಯೇ ಕೈ ಚಾಚುತ್ತಿದ್ದ, ಚೆಂಡು ಅಲ್ಲಿಗೇ ಬರುತ್ತದೆಂಬ ನಂಬಿಕೆ. ಈಗಲೂ ಹಾಗೇ ಕೈ ಚಾಚಿಕೊಂಡು ಬರುತ್ತಾನೆ. ಲಾಕರ್ ರೂಮಿನ ಬಾಗಿಲು ತೆಗೆದು, ಥ್ಯಾಡ್ ಎಲ್ಲಿ ಎಂದು ಕೇಳುತ್ತಾನೆ. ಆಗ ಯಾರು ಉತ್ತರ ಹೇಳಬೇಕು? ಲವೆಲ್‌ಗೆ ಹೇಳುವುದಿಲ್ಲ ಎಂದು ಥ್ಯಾಡ್‌ಗೆ ಮಾತು ಕೊಟ್ಟಿದ್ದೇನೆ. ನಿನಗೆ ಹೇಳುವುದಿಲ್ಲ ಎಂದು ಕೊಟ್ಟಿಲ್ಲ. ಅವನು ಕೇಳಲೂ ಇಲ್ಲ.

ನಿನ್ನೆ ಟೊಮೆಟೊ ಸಸಿಗೆ ಕೋಲು ನೆಡುತ್ತಿದ್ದಾಗ ಗ್ರಾಬೊವ್‌ಸ್ಕಿ ಬೇಲಿಯ ಮೇಲೆ ಒರಗಿ ನಿಂತ. “ಆ ಲವೆಲ್ ಬರ್ತಾನಂತಲ್ಲಮ್ಮಾ! ಬರ್ಲಿ ಬರ್ಲಿ. ಬೆಂಚ್ ಮೇಲಿರೋ ಮರದ ಕೊರಡುಗಳನ್ನೆಲ್ಲ ಎತ್ತಿ ಬೀದಿಗೆ ಹಾಕಿ ಜಾಗ ಮಾಡ್ಲಿ,” ಎಂದ. ಹೇಳಿದ ಮೇಲೆ ಅವನಿಗೆ ಹೊಳೆಯಿತು. ಕಿವಿಯವರೆಗೂ ಕೆಂಪಾಗಿ, “ನಿಮ್ಮೆಜಮಾನ್ರನ್ನ ಅಲ್ಲಮ್ಮಾ... ಅವರು ಬೇರೆ ಥರದ ಮರ,” ಎಂದ. ಸಂಜೆ ಕಾಗದದಲ್ಲಿ ಸುತ್ತಿದ ಸಾಸೇಜ್ ತಂದುಕೊಟ್ಟು, ಮುಖ ತೋರಿಸದೆ ಹೋದ. ಪ್ರತಿ ವರ್ಷ ಹಿಮ ಬಿದ್ದಾಗ, ತಂಡ ಬೇರೆ ಊರಿನಲ್ಲಿ ಆಡುತ್ತಿರುವ ದಿನ, ನಾನು ಏಳುವ ಮೊದಲೇ ನಮ್ಮ ಮನೆ ಮುಂದಿನ ದಾರಿಯ ಹಿಮವನ್ನೂ ಗೋರಿ ಹಾಕುವವನು ಅವನೇ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಮೇಲೆ ಚಳಿಯ ಬಗ್ಗೆ ಬರೆದದ್ದೆಲ್ಲ ನಿಜ, ಆದರೆ ಸ್ವಲ್ಪ ಗಟ್ಟಿಯಾಗಿಯೇ ಬರೆದಿದ್ದೇನೆ. ಬರೆಯಲು ಕೂತಾಗ ನಿನ್ನನ್ನು ಹೆದರಿಸಬೇಕೆಂದಿತ್ತು. ನೀನು ಹೆದರಿ ಬೇಡ ಎಂದರೆ ಲವೆಲ್ ಬರುವುದಿಲ್ಲ, ಥ್ಯಾಡ್ ಇನ್ನೊಂದು ವರ್ಷ ಉಳಿಯುತ್ತಾನೆ, ನಾನು ಮಾತು ಮುರಿಯಬೇಕಾಗುವುದಿಲ್ಲ. ಆ ಪುಟ ಹರಿದುಹಾಕಬಹುದಿತ್ತು. ಇರಲಿ ಎಂದು ಬಿಟ್ಟಿದ್ದೇನೆ, ನನ್ನನ್ನು ನಾನು ಹೇಗಿದ್ದೇನೋ ಹಾಗೇ ನೋಡಿದವಳು ನೀನು.

ಅದಕ್ಕೆ ಉಳಿದರ್ಧವನ್ನೂ ಸೇರಿಸುತ್ತೇನೆ. ಮೇ ತಿಂಗಳಲ್ಲಿ ಒಂದು ದಿನ ಇಡೀ ಬೀದಿ ಬಾಗಿಲು ತೆಗೆದು ಹೊರಗೆ ಬಂದು, ಜೈಲಿನಿಂದ ಬಿಟ್ಟವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಸರೋವರದ ಮೇಲೆ ಸೂರ್ಯ ಮುಳುಗುವುದು ನೋಡಬೇಕು. ಈಜುಕೊಳದಲ್ಲಿ ನನ್ನ ಹತ್ತಿರ ಕಲಿಯುವ ಅಜ್ಜಿಯರು ನನ್ನನ್ನು ಮಗಳೇ ಎಂದು ಕರೆದು, ನೀರೊಳಗೇ ನನ್ನ ಗಂಡನ ಆಟದ ತಪ್ಪುಗಳನ್ನು ವಿವರಿಸುತ್ತಾರೆ. ಎಲ್ಲಿಗೆ ಹೋದರೂ ಸರಿ ಎಂದು ಥ್ಯಾಡ್‌ಗೆ ಹೇಳಿದ್ದೇನೆ. ನನಗೆ ಸರಿಯಲ್ಲ. ಈ ಊರು ನನಗೆ ಇಷ್ಟ.

ನನ್ನ ಕೋರಿಕೆ ಇಷ್ಟು. ಥ್ಯಾಡ್ ಬಾ ಎನ್ನುತ್ತಾನೆ, ಚೆನ್ನಾಗಿಯೇ ಹೇಳುತ್ತಾನೆ, ಒಂದೂ ಸುಳ್ಳಿರುವುದಿಲ್ಲ. ಅವನು ಹೇಳಿ ಮುಗಿಸಿದ ಮೇಲೆ, ಲವೆಲ್ ತೀರ್ಮಾನ ಮಾಡುವ ಮೊದಲು, ಥ್ಯಾಡ್ ಬಿಟ್ಟದ್ದನ್ನು ನೀನು ಹೇಳು. ಗೆಳೆಯನಿಗೋಸ್ಕರ ಬರುವುದಾದರೆ ಆ ಗೆಳೆಯ ಇಲ್ಲಿರುವುದಿಲ್ಲ ಎಂದು ತಿಳಿದಿರಲಿ. ತಿಳಿದೂ ಬರುವುದಾದರೆ ಬರಲಿ, ನಿಮ್ಮನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ತಿಳಿದು ಬರದಿದ್ದರೆ ಅದನ್ನೂ ತಪ್ಪೆನ್ನುವುದಿಲ್ಲ. ಥ್ಯಾಡ್ ನನ್ನ ಮೇಲೆ ಸಿಟ್ಟಾಗುತ್ತಾನೆ. ಆಗಲಿ, ಲೋಟ ಒರೆಸುತ್ತಾನೆ.

ಅವನನ್ನು ಸ್ವಲ್ಪ ನೋಡಿಕೋ. ಮೇಲೆ ಏನೂ ತೋರಿಸುವುದಿಲ್ಲ. ಮೊನ್ನೆ ಗುರುವಾರ ಸ್ಕ್ರೂಡ್ರೈವರ್ ಹಿಡಿದುಕೊಂಡು ಅರೇನಾಗೆ ಹೋದ. ಆಟವಿಲ್ಲದ ಕಾಲದಲ್ಲಿ ಅಲ್ಲೇನು ಕೆಲಸ ಎಂದರೆ, “ಒಂದ್ ಕೊಕ್ಕೆ ಸರಿ ಮಾಡ್ಬೇಕು,” ಎಂದ. ನಮ್ಮ ಹಿಂಬಾಗಿಲ ಚಿಲಕ ಮಾರ್ಚಿನಿಂದ ಜೋತಾಡುತ್ತಿದೆ, ಅದು ಅವನ ಕಣ್ಣಿಗೆ ಬಿದ್ದಿಲ್ಲ.

ಹುಡುಗಿಯರಿಗೆ ಮುತ್ತು. ಮೀನು ಅವನಿಗೆ ಎರಡಕ್ಕಿಂತ ಹೆಚ್ಚು ಹಾಕಬೇಡ.

ಎಂದಿಗೂ ನಿನ್ನ
ಕಮಿಲ್

ಮರೆತ ಮಾತು: ಕಾಗದ ಮಡಿಸುತ್ತಿದ್ದಾಗ ಥ್ಯಾಡ್ ನೀರು ಕುಡಿಯಲು ಒಳಗೆ ಬಂದ. “ಬರೆದ್ಯಾ?” ಎಂದ. ಏನನ್ನು ಎಂದೆ. “ಅದೇ, ಹೇಳ್ಬೇಡ ಅಂದಿದ್ದನ್ನ.” ಬರೆದೆ ಎಂದೆ. ಲೋಟ ಪೂರ್ತಿ ಕುಡಿದ, ತೊಳೆದ, ಒರೆಸಿದ. ಆಮೇಲೆ, “ಹಂಗಾದ್ರೆ ಇದನ್ನೂ ಸೇರಿಸು,” ಎಂದು ನಿಂತುಕೊಂಡೇ ಹೇಳಿದ. ಅವನು ಹೇಳಿದ ಹಾಗೇ ಬರೆಯುತ್ತೇನೆ: “ಲವೆಲ್‌ಗೆ ಬಾಗಿಲಿಂದ ಮೂರನೇದು, ನನ್ ಲಾಕರ್ ತೊಗೋ ಅನ್ನು, ಬೇರೆ ಯಾವ್ದು ಕೊಟ್ರೂ ಬೇಡ ಅನ್ಲಿ. ಅದರ ಹಿಂದೆ ಬಿಸಿನೀರಿನ ಕೊಳವೆ ಹೋಗುತ್ತೆ, ಚಳೀಲಿ ಮೊಣಕಾಲಿಗೆ ಒಳ್ಳೇದು. ಕೊಕ್ಕೆ ನನ್ನೆತ್ತರಕ್ಕೆ ಇತ್ತು. ನಾಲ್ಕು ಬೆರಳು ಮೇಲೆ ಹಾಕಿದೀನಿ, ಅವ್ನ ಕೈಗೆ ಸರಿಯಾಗಿ ಸಿಗುತ್ತೆ.”