ಟೋಪಿಯಲ್ಲಿ ಕಪ್ಪೆ ಇರಲಿಲ್ಲ

ಮಾರ್ಚ್ 3, ಸೋಮವಾರ

ಕ್ರೇಪ್ ಅಂಗಡಿಯಲ್ಲಿ ಕೆಲಸ. ತೆಳು ದೋಸೆಯೊಳಗೆ ಸ್ಟ್ರಾಬೆರಿ, ಕ್ರೀಮು, ಮತ್ತೆ ಸ್ಟ್ರಾಬೆರಿ. ಮ್ಯಾನೇಜರರ ಚಹಾಕ್ಕೆ ಉಪ್ಪು ಬೆರೆಸುವ ಕಾರ್ಯಕ್ರಮ ಸಾಂಗವಾಗಿ ನೆರವೇರಿತು. ಅನುಮಾನ ಎಂದಿನಂತೆ ನನ್ನ ಮೇಲೆ. ಘೋರ ಅನ್ಯಾಯ. ನಿಜವೇ ಆದರೂ.

ಸಂಜೆ ಕೊಯುಕಿ ಬಂದಳು. ಒಂದನೇ ಕ್ಲಾಸಿನಿಂದ ಗೆಳತಿ. ವಾರವೆಲ್ಲ ಸಾಧು ಕಾಲೇಜು ಹುಡುಗಿ. ಭಾನುವಾರ ಮಾತ್ರ ಟೋಕಿಯೊದ ಹರಾಜುಕುದಲ್ಲಿ ಲೇಸು, ಫ್ರಿಲ್ಲು, ಬಾನೆಟ್ಟು ಟೋಪಿ ತೊಟ್ಟ ಪಿಂಗಾಣಿ ಗೊಂಬೆ.

"ಚಿಗು-ಚಾನ್, ಇಪ್ಪತ್ಮೂರಕ್ಕೆ ನಮ್ಮ ಗುಂಪಿನ ಟೀ ಪಾರ್ಟಿ. ನಂಗೆ ಓಜಿ ಆಗ್ತೀಯಾ?"

"ರಾಜಕುಮಾರನಾ? ನಾನಾ?"

"ಉದ್ದ ಇದೀಯ, ಕೂದಲು ಗಿಡ್ಡ. ಇನ್ನೇನು ಬೇಕು?"

ಎದೆಯ ಮೇಲೆ ಕೈಯಿಟ್ಟು ಬಗ್ಗಿ ಒಪ್ಪಿದೆ. ಒಳಗೊಳಗೇ ಬೇರೆ ಯೋಜನೆ — ಅಂಟುಮೀಸೆ, ದಪ್ಪ ದನಿ, ಟೋಪಿ ಎತ್ತಿ ವಂದಿಸಿದೊಡನೆ ನೆತ್ತಿಯ ಮೇಲೆ ರಬ್ಬರ್ ಕಪ್ಪೆ. ಇತಿಹಾಸ ನನ್ನನ್ನು ಮರೆಯದು.

ಮಾರ್ಚ್ 8, ಶನಿವಾರ

ಹರಾಜುಕುವಿನ ತಾಕೆಶಿತಾ ಬೀದಿಯ ಹಿಂದಿನ ಓಣಿ. ಕೊಯುಕಿ ಹೇಳಿದ ಹಳೇ ಬಟ್ಟೆಯಂಗಡಿ. ಒಡತಿ ಅಸಾಗಿ-ಸಾನ್ ಮೊದಲ ನೋಟಕ್ಕೆ ಅರಮನೆಯಿಂದ ತಪ್ಪಿಸಿಕೊಂಡು ಬಂದ ಯುವರಾಜ. ಎರಡನೇ ನೋಟಕ್ಕೆ ನಲವತ್ತು ದಾಟಿದ ಹೆಂಗಸು.

"ಆ ಮೀಸೆ ಯಾಕಮ್ಮಾ?" ನನ್ನ ಕೈಯಲ್ಲಿದ್ದ ಅಂಟುಮೀಸೆ ನೋಡಿ ಕೇಳಿದರು.

"ಗಂಡಸಿನ ಥರ ಕಾಣ್ಬೇಕಲ್ವಾ?"

"ಯಾರು ಹೇಳಿದ್ರು? ನಂಗೆ ಇಬ್ಬರು ಮಕ್ಕಳು, ತುಟಿಗೆ ಲಿಪ್‌ಸ್ಟಿಕ್ಕು. ಆದ್ರೂ ಇವತ್ತು ರಾಜಕುಮಾರ."

"ಹಾಗಾದ್ರೆ ಇದು ಯಾರ ವೇಷ?"

"ವೇಷ ಅಲ್ಲ. ಬಟ್ಟೆ. ಹಾಕ್ಕೊಂಡು ನೋಡು."

ಹಾಕಿಕೊಂಡೆ. ಮಂಡಿಯ ಕೆಳಗೆ ಗುಂಡಿಯಿರುವ ಚಡ್ಡಿ, ಉದ್ದ ಕಾಲುಚೀಲ, ವೇಸ್ಟ್‌ಕೋಟು, ಕತ್ತಿನಿಂದ ಇಳಿಬಿದ್ದ ಲೇಸು, ಎತ್ತರದ ಟೋಪಿ. ಕನ್ನಡಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗಲು ಸಿದ್ಧಳಾದೆ. ನಗು ಬರಲಿಲ್ಲ. ಕಾದೆ. ಬರಲೇ ಇಲ್ಲ... ಏನಾಯಿತು ಇದಕ್ಕೆ?

"ಮೀಸೆ ಅಂಟಿಸ್ಲಾ?" ಎಂದರು ಅಸಾಗಿ-ಸಾನ್.

"ಬೇಡ."

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಸುಮ್ಮನೆ, ಅಭ್ಯಾಸಕ್ಕೆಂದು, ಅಂಗಡಿಯಿಂದ ತಂದ ಪೋಷಾಕನ್ನು ಮತ್ತೆ ತೊಟ್ಟೆ. ಅಮ್ಮ ಮಿಸೊ ಸಾರಿನ ಸೌಟು ಹಿಡಿದೇ ಕೋಣೆಗೆ ಬಂದಳು.

"ಇದೇನೇ, ಸರ್ಕಸ್ಸಿಗೆ ಸೇರಿದ್ಯಾ?"

"ಇಲ್ಲ."

"ಹುಡುಗ ಆಗ್ಬೇಕು ಅನ್ಸುತ್ತಾ ನಿಂಗೆ?"

"ಹಾಗೂ ಅಲ್ಲಮ್ಮಾ."

"ಮತ್ತೆ ಹುಡುಗಿ ಥರ ನೆಟ್ಟಗೆ—"

"ಹಾಗೂ ಅಲ್ಲ."

"ಸರಿ ಬಿಡು, ಅದೇನಾಗಿದ್ಯೋ ಅದಾಗೇ ತಿಂಡಿಗೆ ಬಾ. ಸಾರು ಆರುತ್ತೆ."

ಏನಾಗಿದ್ದೇನೆ? ಪ್ರಶ್ನೆಯನ್ನು ಉನ್ನತ ಸಮಿತಿಗೆ ಒಪ್ಪಿಸಲಾಗಿದೆ. ಸಮಿತಿಯಲ್ಲಿ ನಾನೊಬ್ಬಳೇ. ಆದರೂ ಒಮ್ಮತ ಇಲ್ಲ.

ಮಾರ್ಚ್ 17, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಏಪ್ರನ್ ಕೆಳಗೆ ರಾಜಕುಮಾರನ ಕಾಲುಚೀಲ ತೊಟ್ಟು ಕ್ರೇಪ್ ಮಡಚುತ್ತಿದ್ದೆ. ಯಾರಿಗೂ ಗೊತ್ತಿಲ್ಲ. ಇದು ಕುಚೇಷ್ಟೆಯಾದರೆ ಮೋಸ ಹೋಗುತ್ತಿರುವವರು ಯಾರು?

ಇವತ್ತು ಕೊಯುಕಿ ಅಂಗಡಿ ಮುಚ್ಚುವವರೆಗೂ ಕಾದಿದ್ದಳು.

"ಇದು ನನ್ನ ಕೊನೇ ಟೀ ಪಾರ್ಟಿ ಕಣೇ. ಏಪ್ರಿಲ್ ಒಂದಕ್ಕೆ ವಿಮೆ ಕಂಪನಿ ಕೆಲಸ. ಕಪ್ಪು ಸೂಟು. ಎಲ್ಲ ಫ್ರಾಕೂ ಮಾರ್ಬಿಡ್ತೀನಿ."

ಅವರ ಗುಂಪಿನಲ್ಲೊಂದು ಪದ್ಧತಿಯಿದೆ. ಬಿಟ್ಟುಹೋಗುವವಳ ಬಾನೆಟ್ಟನ್ನು ಅವಳ ರಾಜಕುಮಾರನೇ ಬಿಚ್ಚಿ ಅವಳ ಕೈಗಿಡಬೇಕು. ಆಗ ಯಾರೂ ಮಾತಾಡುವುದಿಲ್ಲ.

"ನೀನು ಬಿಚ್ಚಬೇಕು. ಅದೊಂದು ನಿಮಿಷ ಮಾತ್ರ ನಗಿಸ್ಬೇಡ. ಆಣೆ?"

"ಆಣೆ."

ನನ್ನ ಮುಖ ಗಂಭೀರವಾಗಿತ್ತು. ನಾಟಕ ಆಗಿರಲಿಲ್ಲ. ಅವಳಿಗೆ ಹೇಗೆ ತಿಳಿಯಬೇಕು? ನನಗೇ ವ್ಯತ್ಯಾಸ ತಿಳಿಯುವುದಿಲ್ಲ.

ಕಪ್ಪೆಯನ್ನು ಮೇಜಿನ ಖಾನೆಯಲ್ಲಿಟ್ಟೆ. ಬೀಗ ಹಾಕಿದೆ.

ಮಾರ್ಚ್ 23, ಭಾನುವಾರ, ಸಂಜೆ

ಬರೆಯಲೇಬೇಕು.

ಮೂರಂತಸ್ತಿನ ಕೇಕು ತಟ್ಟೆ, ಗುಲಾಬಿ ಚಹಾ, ಎಲ್ಲ ಸರಿಯಾಗಿತ್ತು. ಕುರ್ಚಿ ಎಳೆದುಕೊಟ್ಟೆ. ಮೆಟ್ಟಿಲಿನಲ್ಲಿ ಕೈಹಿಡಿದೆ. "ಯಾರೇ ಈ ಚಂದದ ಓಜಿ?" ಎಂದು ಅಕ್ಕಪಕ್ಕದವರು ಪಿಸುಗುಟ್ಟಿದರು. ಕಿವಿ ಬಿಸಿಯಾಯಿತು.

ಆ ನಿಮಿಷ ಬಂತು. ಮೌನ. ಕೊಯುಕಿ ಕಣ್ಣು ಮುಚ್ಚಿದಳು. ಬಾನೆಟ್ಟಿನ ಪಕ್ಕದಲ್ಲಿ ದೊಡ್ಡ ನೀಲಿ ರಿಬ್ಬನ್ ಬೋ. ತುದಿ ಹಿಡಿದು ಮೆಲ್ಲಗೆ ಎಳೆದೆ. ಬಿಚ್ಚಲಿಲ್ಲ. ಇನ್ನೊಮ್ಮೆ. ಇನ್ನೂ ಜೋರಾಗಿ—

ಪರ್ರ್.

ಬೋ ನನ್ನ ಕೈಯಲ್ಲಿ. ಬಾನೆಟ್ಟು ಅವಳ ತಲೆಯಲ್ಲೇ.

"ಗದ್ದದ ಕೆಳಗಿಂದು ಕಣಮ್ಮಾ! ಅದು ಅಲಂಕಾರಕ್ಕೆ ಹೊಲ್ದಿರೋದು!" ಎಂದು ಪಾರ್ಟಿಗೆ ಬಂದಿದ್ದ ಅಸಾಗಿ-ಸಾನ್ ಚೀರಿದರು.

ಎಲ್ಲರೂ ನಕ್ಕರು. ಕ್ರೇಪ್ ಅಂಗಡಿಯಲ್ಲಿ ನನ್ನಿಂದ ಉಪ್ಪಿನ ಚಹಾ ಕುಡಿದಿದ್ದವಳೊಬ್ಬಳು, "ಚಿಗುಸಾ ಅಲ್ವಾ, ಟೋಪಿ ತೆಗೆಸಿ ನೋಡಿ, ಇನ್ನೂ ಏನಿಟ್ಟಿದಾಳೋ!" ಎಂದಳು. ತೆಗೆದು ತೋರಿಸಿದೆ. ಖಾಲಿ. ಅದಕ್ಕೂ ನಕ್ಕರು.

ಕೊಯುಕಿ ನಗಲಿಲ್ಲ. "ನೀನು ಆಣೆ ಮಾಡಿದ್ದೆ," ಎಂದಳು.

"ತಮಾಷೆ ಅಲ್ಲ ಕಣೇ, ನಿಜವಾಗ್ಲೂ ಗೊತ್ತಿರ್ಲಿಲ್ಲ—"

ಗದ್ದದ ಕೆಳಗಿನ ಗಂಟನ್ನು ತಾನೇ ಬಿಚ್ಚಿಕೊಂಡು ಹೊರಟುಹೋದಳು. ಹಿಂದೆ ಓಡಿದೆ. ಸ್ಟೇಷನ್ನಿನ ಜನಜಂಗುಳಿಯಲ್ಲಿ ಕಾಣಲಿಲ್ಲ.

ಹುಟ್ಟಿದಾಗಿನಿಂದ ಇದೊಂದೇ ಸಲ ನಾನು ತಮಾಷೆ ಮಾಡಿರಲಿಲ್ಲ. ಯಾರೂ ನಂಬಲಿಲ್ಲ. ಇದಕ್ಕೆ ನಗಬೇಕೋ...

ಮಾರ್ಚ್ 28, ಶುಕ್ರವಾರ

ಐದು ಮೆಸೇಜ್ ಕಳಿಸಿದ್ದೆ. ಇವತ್ತು ಉತ್ತರ:

"ನೀನು ಬೇಕಂತ ಮಾಡಿದ್ದಲ್ಲ ಅಂತ ಅಸಾಗಿ-ಸಾನ್ ಹೇಳಿದ್ರು. ಮೊದಲನೇ ಸಲ ಅವರೂ ಒಬ್ಬಳ ಬೋ ಕಿತ್ತಿದ್ರಂತೆ. ಬಾನೆಟ್ ಮಾರಕ್ಕೆ ಹೋಗಿದ್ದೆ, ಬೋ ಇಲ್ದೆ ಯಾರೂ ತಗೊಳ್ಲಿಲ್ಲ. ಭಾನುವಾರ ತರ್ತೀನಿ, ಹೊಲ್ದುಕೊಡು. ಮಾರಲ್ಲ ಬಿಡು. ಆಮೇಲೆ ನೆಟ್ಟಗೆ ಬಿಚ್ಚು. ಆ ಬಟ್ಟೇಲೇ ಇರು."

ಮಾರ್ಚ್ 30, ಭಾನುವಾರ

ನೀಲಿ ದಾರ ಪೋಣಿಸಿಟ್ಟಿದ್ದೇನೆ. ಪೂರ್ತಿ ಪೋಷಾಕು. ಟೋಪಿಯನ್ನು ಮೂರು ಸಲ ತಪಾಸಣೆಗೊಳಪಡಿಸಲಾಗಿದೆ. ಏನೂ ಇಲ್ಲ.

ಬಾಗಿಲ ಗಂಟೆ. ಕೆಳಗೆ ಅಮ್ಮನ ದನಿ — "ಚಿಗುಸಾ! ಕೊಯುಕಿ-ಚಾನ್ ಬಂದಿದಾಳೆ. ನೀನು ಇಳಿದು ಬರ್ತೀಯೋ, ರಾಜಕುಮಾರನ್ನ ಕಳಿಸ್ತೀಯೋ?"

ಇಬ್ಬರೂ ಒಬ್ಬರೇ ಅಮ್ಮಾ ಎಂದು ಕೂಗಬೇಕು. ನಗದೆ ಕೂಗಬೇಕು. ಈಗಲೇ—