ಅಪ್ಪನ ಬಲ ಭುಜಕ್ಕೆ

ಅಪ್ಪಾ,

ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಇವತ್ತು ಹೊಲಿಗೆ ಮಷಿನ್ ಮುಟ್ಟಬೇಡಿ. ಕೋಟು ಹೊಲಿಯಲು ಕೊಟ್ಟವರು ಬಂದರೆ ನಾಳೆ ಬನ್ನಿ ಅನ್ನಿ. ಅವರೇನೂ ಬರಿಮೈಯಲ್ಲಿ ಓಡಾಡುತ್ತಿಲ್ಲ.

ಬಿಸಿನೀರಿನ ಚೀಲ ಕುರ್ಚಿಯ ಮೇಲಿದೆ. ಟವೆಲ್ ಸುತ್ತಿ ಭುಜಕ್ಕೆ ಹತ್ತು ನಿಮಿಷ ಇಡಿ, ಹೆಚ್ಚು ಬೇಡ. ಆಮೇಲೆ ಗೋಡೆಯ ಮುಂದೆ ನಿಂತು ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಮೇಲಕ್ಕೆ ನಡೆಸಿ. ನೋವು ಬಂದಲ್ಲಿ ನಿಲ್ಲಿಸಿ. ಹಟ ಮಾಡಬೇಡಿ, ಹಟದಿಂದಲೇ ಆ ಭುಜ ಕಲ್ಲಾಗಿರುವುದು.

ನಾನು ಮಸಾಜ್ ಕೆಲಸಕ್ಕೆ ಸೇರಿದ ದಿನ, "ಊರವರ ಮೈ ತಿಕ್ಕೋದೂ ಒಂದು ಕೆಲಸಾನಾ?" ಅಂದಿರಿ. ಆಮೇಲೆ ಮೂರು ವರ್ಷ ನನ್ನ ಕೆಲಸದ ಮಾತನ್ನು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನೆ ಅಂಗಿಯ ತೋಳಿಗೆ ಕೈ ತೂರಿಸಲಾಗದೆ ನೀವೇ ಬಂದು, ನನ್ನ ಮುಂದೆ ಬೆನ್ನು ತಿರುಗಿಸಿ ಕೂತಿರಿ. "ಸ್ವಲ್ಪ ನೋಡು" ಅಂದಿರಿ, ಅಷ್ಟೇ. ಅರ್ಧ ಗಂಟೆ ಒತ್ತಿದೆ. ಕೂತಲ್ಲೇ ನಿದ್ದೆ ಹೋದಿರಿ.

ಎಚ್ಚರವಾದಾಗ, "ಇದನ್ನೆಲ್ಲ ಹೇಗೆ ಕಲಿತೆ?" ಅಂತ ಕೇಳಿದಿರಿ. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಸಂಜೆ ಆರಕ್ಕೆ ಬರುತ್ತೇನೆ. ಕೂತು ಹೇಳುತ್ತೇನೆ.

ಮಗಳು